ಅವ್ವನ ಬೆರಳು ಮಷಿನ್‌ಗೆ ಬೇಡವಂತೆ

ಊಟ ಸೇರುತ್ತಿಲ್ಲ. ಬರೆದುಬಿಡುತ್ತೇನೆ, ಆಮೇಲೆ ನೀವು ಏನಾದರೂ ಅಂದುಕೊಳ್ಳಿ.

ಅವ್ವನ ಸೈಟು ಮಾರೋ ಪತ್ರ ರಿಜಿಸ್ಟರ್ ಮಾಡಿಸೋಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ವಿ. ಅಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ ನನಗೆ ಮೇಡಂ ಅಂದ. ಸೈಟು ತಗೊಳ್ಳೋರಿಗೆ ಸಾರ್ ಅಂದ. ನಮ್ಮ ಅವ್ವನಿಗೆ ಮಾತ್ರ "ಏ ಅಜ್ಜಿ, ಒತ್ತು. ಇನ್ನೂ ಒತ್ತು. ಬೆರಳು ಇದೆಯೋ ಇಲ್ವೋ ನಿಂಗೆ?" ಹಿಂದೆ ನಿಂತಿದ್ದವರಲ್ಲಿ ಯಾರೋ ನಕ್ಕರು. ಅವ್ವನೂ ನಕ್ಕಳು. ಅದೇ ನನಗೆ ತಡೆಯೋಕೆ ಆಗಲಿಲ್ಲ.

ಹೆಬ್ಬೆರಳು ಇಟ್ಟಳು, ಕೆಂಪು ದೀಪ. ಸೆರಗಿಗೆ ಒರೆಸಿಕೊಂಡು ಇಟ್ಟಳು, ಕೆಂಪು ದೀಪ. ಸೋಪು ಹಚ್ಚಿ ತೊಳ್ಕೊಂಡು ಬಾ ಅಂದ. ತೊಳೆದು ಬಂದಳು. ಈಗ ಒದ್ದೆ ಜಾಸ್ತಿ ಆಯ್ತಂತೆ. ಪಕ್ಕದವರೊಬ್ಬರು ಕೊಬ್ಬರಿ ಎಣ್ಣೆ ಹಚ್ಚಿ ನೋಡಿ ಅಂದರು. ಇನ್ನೊಬ್ಬರು ತಲೆಕೂದಲಿಗೆ ಬೆರಳು ಉಜ್ಜಿಸಿ ಅಂದರು. ಅವ್ವ ಉಜ್ಜಿಕೊಂಡಳು, ಎಲ್ಲರ ಮುಂದೆ! ಕೊನೆಗೆ ಆ ಹುಡುಗ ಎದ್ದು ಬಂದು ಅವಳ ಹೆಬ್ಬೆರಳು ಹಿಡಿದು ಗಾಜಿನ ಮೇಲೆ ಅದುಮಿದ. ಉಗುರು ಬೆಳ್ಳಗಾಯಿತು. ಅವ್ವ "ಹಾ" ಅನ್ನಲಿಲ್ಲ. ಮಷಿನ್ ಕೂಡ "ಹಾ" ಅನ್ನಲಿಲ್ಲ.

ಬೆರಳು ಎಲ್ಲಿಂದ ಬರಬೇಕು? ಮದುವೆಯಾಗಿ ಬಂದ ವರ್ಷದಿಂದ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಉಪ್ಪು ನೀರು, ಬಿಸಿ ಮರಳು, ಜರಡಿ. ಅವಳ ಬೆರಳ ತುದಿ ಹಳೇ ನಾಲ್ಕಾಣೆಯಂತೆ ಸವೆದಿದೆ. ಆ ದುಡ್ಡಲ್ಲೇ ತಗೊಂಡ ಸೈಟು ಅದು. ಈಗ ಅದೇ ಸೈಟು ಮಾರೋಕೆ ಅವಳು ಅವಳೇ ಅಂತ ತೋರಿಸೋಕೆ ಆಗುತ್ತಿಲ್ಲ. ಯಾಕೆ ಮಾರುತ್ತಿದ್ದೇವೆ ಅಂತ ಕೇಳಬೇಡಿ, ಅದು ಬೇರೆ ಕಥೆ, ತಮ್ಮನಿಗೆ ಗೊತ್ತು.

ಯಾವ ಆಫೀಸು ಅಂತಲೂ ಕೇಳಬೇಡಿ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಆಫೀಸಲ್ಲಾದರೂ ಮಾಡಿಸಬಹುದಲ್ವಾ. ದಾವಣಗೆರೆ ಇರಬಹುದು, ಹರಿಹರ ಇರಬಹುದು, ಜಗಳೂರೂ ಇರಬಹುದು.

ಎಲ್ಲಾ ಆನ್‌ಲೈನ್ ಅನ್ನೋದು ಸುಳ್ಳಲ್ಲ, ಅದನ್ನೂ ಹೇಳಬೇಕು. ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ಪತ್ರ ಅಪ್‌ಲೋಡ್ ಮಾಡಿದೆ, ಇ-ಖಾತಾ (ಸೈಟಿನ ಡಿಜಿಟಲ್ ಖಾತೆ) ಕೊಟ್ಟೆ, ಅವರು ನೋಡಿ ಸರಿ ಅಂದರು, ದುಡ್ಡು ಕಟ್ಟಿದ್ದಾಯ್ತು, ಸ್ಲಾಟ್ ಸಿಕ್ತು. ಹೋಗಿ ಫೋಟೋ, ಹೆಬ್ಬೆಟ್ಟು ಕೊಟ್ಟು ಬಂದರೆ ಮುಗೀತು. ನಾನಂತೂ ದೊಡ್ಡ ಮನುಷ್ಯಳ ಥರ ಸ್ಟೇಟಸ್ ಬೇರೆ ಹಾಕಿದ್ದೆ, "ಏಜೆಂಟ್ ಇಲ್ಲದೆ ರಿಜಿಸ್ಟ್ರೇಷನ್!" ಅಂತ. ಅದಕ್ಕೆ ಕೈ ಮುಗಿದವರೆಲ್ಲ ಈಗ "ಆಯ್ತಾ? ಸಿಹಿ ಎಲ್ಲಿ?" ಅಂತ ಮೆಸೇಜು ಮಾಡುತ್ತಿದ್ದಾರೆ. ಬೆಣ್ಣೆದೋಸೆ ಕೊಡಿಸುತ್ತೇನೆ ಬನ್ನಿ, ಸೈಟು ಅಡ ಇಟ್ಟು.

ಟೇಬಲ್ ಮೇಲೆ ಇಂಕ್ ಪ್ಯಾಡ್ ಇತ್ತು. ಮುಚ್ಚಳ ತೆಗೆದೇ ಇತ್ತು. ಇದರಲ್ಲಿ ಒತ್ತಿಸಿಕೊಳ್ಳಿ ಅಂದೆ. "ಸಿಸ್ಟಂ ಮುಂದಕ್ಕೆ ಹೋಗಲ್ಲ ಮೇಡಂ." ನೋಂದಣಿ ಕಾಯ್ದೆ 1908ರದ್ದು. ಫೋಟೋ, ಬೆರಳಚ್ಚು ಬೇಕು ಅಂತ 32ಎ ಕಲಂ ಹೇಳುತ್ತೆ, ಸರಿ. ಕಾಯಿಲೆಯಿಂದ ಬರಲಾಗದವರ ಮನೆಗೆ ಅಧಿಕಾರಿಯೇ ಹೋಗಬೇಕು, ಇಲ್ಲಾ ತಮ್ಮ ಪರವಾಗಿ ವಿಚಾರಿಸೋಕೆ ಒಬ್ಬರನ್ನು ನೇಮಿಸಿ (ಅದಕ್ಕೇ ಕಮಿಷನ್ ಅನ್ನೋದು) ಕಳಿಸಬೇಕು ಅಂತ 38ನೇ ಕಲಂ ಹೇಳುತ್ತೆ. ಬ್ರಿಟಿಷರ ಕಾಲದ ಕಾಯ್ದೆಗೆ ಇರುವಷ್ಟು ಕರುಣೆ ಈ ಗಾಜಿನ ಡಬ್ಬಿಗೆ ಇಲ್ವಾ? ಪಿಂಚಣಿದಾರರು 2021ರಿಂದ ಮೊಬೈಲಿಗೆ ಮುಖ ತೋರಿಸಿ "ಬದುಕಿದ್ದೇನೆ" ಅಂತ ಪ್ರಮಾಣಪತ್ರ ತಗೊಳ್ಳಬಹುದು. ಅವ್ವನಿಗೂ ಮುಖ ಇದೆಯಲ್ಲ!

ಆಧಾರ್‌ನಲ್ಲಿ ಬೆರಳು ಅಪ್‌ಡೇಟ್ ಮಾಡಿಸಿ ಬನ್ನಿ ಅಂದ ಆ ಹುಡುಗ. ಆಧಾರ್ ಕೇಂದ್ರಕ್ಕೆ ಹೋದರೆ, ಅಲ್ಲಿಯೂ ಅದೇ ಥರದ ಗಾಜು. ಅಲ್ಲಿಯೂ ಬೆರಳು ಬರಲಿಲ್ಲ.

ಚಿಕ್ಕಪ್ಪನ ಮಗ ಇರುವ ವರ್ಜೀನಿಯಾದಲ್ಲಿ 2012ರಿಂದಲೇ ನೋಟರಿ ವೀಡಿಯೊ ಕಾಲ್‌ನಲ್ಲಿ ಸಿಗುತ್ತಾರೆ. ಗುರುತು ತೋರಿಸಿ ಸ್ಕ್ರೀನ್ ಮೇಲೆ ಸಹಿ ಹಾಕಿದರೆ ಪತ್ರ ಅಲ್ಲಿಂದಲೇ ಕೋರ್ಟ್ ಕ್ಲರ್ಕ್ ಆಫೀಸಿಗೆ ಆನ್‌ಲೈನಲ್ಲಿ ಹೋಗಿ ದಾಖಲಾಗುತ್ತೆ. ನಮ್ಮಲ್ಲಿ ನೋಟರಿ ಸೀಲು ಬಿದ್ದ ಮಾತ್ರಕ್ಕೆ ಸೈಟು ಕೈ ಬದಲಾಗಲ್ಲ, ರಿಜಿಸ್ಟರ್ ಆಗಲೇಬೇಕು, ಗೊತ್ತು. ಹಂಗೆ ವೀಡಿಯೊಗೆ ಬಿಟ್ಟರೆ ನಮ್ಮೂರಲ್ಲಿ ಯಾರದೋ ಅಜ್ಜಿಯನ್ನು ಕೂರಿಸಿ ಯಾರದೋ ಸೈಟು ಹೊಡೆಯುತ್ತಾರೆ, ಅದೂ ಗೊತ್ತು. ಹೋಗಲಿ ಬಿಡಿ. ಹುಡುಗನ ತಪ್ಪೂ ಅಲ್ಲ, ಅವನಿಗೆ ಸಂಬಳ ಎಷ್ಟೋ ಏನೋ.

ಹೋಗಲಿ ಯಾಕೆ ಬಿಡಬೇಕು? 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಯ್ತು. ಎರಡರಷ್ಟು! ಅದರಲ್ಲಿ ಒಂದು ಒಳ್ಳೆ ಸ್ಕ್ಯಾನರ್ ಬರಲ್ವಾ? ಬೆರಳು ಸವೆದವರು ಈ ಊರಲ್ಲಿ ಅವ್ವ ಒಬ್ಬಳೇನಾ? ಭಟ್ಟಿಯವರು, ಗಾರೆ ಕೆಲಸದವರು, ಪಾತ್ರೆ ತಿಕ್ಕೋರು, ಇವರೆಲ್ಲ ಏನು ಮಾಡುತ್ತಾರೆ? ಗೊತ್ತಿದ್ದವರು ಯಾರಾದರೂ ಹೇಳಿ. ವಕೀಲರು ಇದ್ದರೆ ಹೇಳಿ. ಆಫೀಸಲ್ಲಿ ಕೆಲಸ ಮಾಡೋರು ಓದುತ್ತಿದ್ದರೆ ಹೆಸರು ಹೇಳದೇ ಆದರೂ ಹೇಳಿ. ತಗೊಳ್ಳೋರು ಬೇರೆ "ಅಮ್ಮಾವ್ರದ್ದು ಪತ್ರ ಎಲ್ಲಾ ಸರಿ ಇದೆ ತಾನೇ?" ಅಂತ ಮೆಲ್ಲಗೆ ರಾಗ ತೆಗೆದಿದ್ದಾರೆ.

ಮತ್ತೆ ಸ್ಲಾಟ್ ತಗೋಬೇಕು. ಈ ಸಲ ಕಾಯ್ದೆ ಪ್ರಿಂಟ್ ತೆಗೆಸಿಕೊಂಡೇ ಹೋಗುತ್ತೇನೆ ಅಂದೆ. ಅವ್ವ ಏನಂದಳು ಗೊತ್ತಾ? "ಜಗಳ ಬ್ಯಾಡ. ಪಾಪ ಆ ಹುಡುಗಂಗೆ ಒಂದು ಸೇರು ಮಂಡಕ್ಕಿ ಒಯ್ಯಾಣ." ಮಂಡಕ್ಕಿಯಂತೆ! ಜೊತೆಗೆ ಮೆಣಸಿನಕಾಯಿ ಬೋಂಡಾನೂ ಕಟ್ಟಿಸಲಾ ಅಂತ ಕೇಳಿದೆ. ಈಗ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ.