ಹೊಸಕೋಟೆ ಉತ್ತರಕ್ಕೆ ಹೋಯಿತು

ಹೊಸಕೋಟೆಯವರಿಗೆ ಅಭಿನಂದನೆ. ಕೆಂಪೇಗೌಡರ ಕಾಲದಿಂದಲೂ ಬೆಂಗಳೂರಿನ ಪೂರ್ವಕ್ಕೆ ಬಿದ್ದುಕೊಂಡಿದ್ದ ನಿಮ್ಮ ಊರನ್ನು 2025ರ ಜುಲೈ 2ರಂದು ಸಂಪುಟ ಸಭೆ ಉತ್ತರಕ್ಕೆ ಎತ್ತಿಟ್ಟಿದೆ. ಆ ಕಡೆಯ ನೆಲಮಂಗಲಕ್ಕೂ ಅದೇ ಭಾಗ್ಯ. ಸೂರ್ಯ ಮಾತ್ರ ಇನ್ನೂ ಹಳೇ ಲೆಕ್ಕದಲ್ಲೇ ಹೊಸಕೋಟೆ ಕಡೆಯಿಂದ ಹುಟ್ಟುತ್ತಿದ್ದಾನೆ. ಅವನಿಗೆ ಆದೇಶದ ಪ್ರತಿ ತಲುಪಿಲ್ಲವೇನೋ.

ಬೆಂಗಳೂರು ಗ್ರಾಮಾಂತರ ಜಿಲ್ಲೆ ಇನ್ನು ಬೆಂಗಳೂರು ಉತ್ತರ ಜಿಲ್ಲೆ ಅಂತ ಸಚಿವರೆಲ್ಲ ತೀರ್ಮಾನಿಸಿದ್ದು ನಂದಿಬೆಟ್ಟದ ಮೇಲೆ ಕೂತು. ನಂದಿಬೆಟ್ಟ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಪಕ್ಕದ ಮನೆಯ ಮಹಡಿ ಹತ್ತಿ ನಮ್ಮನೆ ಮಗುವಿಗೆ ನಾಮಕರಣ ಮಾಡಿದ ಹಾಗಾಯಿತು. ಅದೂ ಮಗುವಿಗೆ 38 ತುಂಬಿದ ಮೇಲೆ.

ಹೋಗಲಿ, ‘ಬೆಂಗಳೂರು ಉತ್ತರ’ ಅನ್ನೋ ಹೆಸರಾದರೂ ಖಾಲಿ ಇತ್ತಾ? ಬೆಂಗಳೂರು ಉತ್ತರ ತಾಲ್ಲೂಕು ಇರುವುದು ನಗರ ಜಿಲ್ಲೆಯಲ್ಲಿ. ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರ ಅಂದರೆ ಮಲ್ಲೇಶ್ವರ, ಹೆಬ್ಬಾಳ, ದಾಸರಹಳ್ಳಿ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಎಲ್ಲಿದೆ ಗೊತ್ತಲ್ಲ? ಕೋಲಾರದಲ್ಲಿ! ಸಾಲದು ಅಂತ ಎರಡು ತಿಂಗಳಲ್ಲೇ ಬೆಂಗಳೂರು ಉತ್ತರ ನಗರಪಾಲಿಕೆಯೂ ಬಂತು. ಇಷ್ಟೂ ಉತ್ತರಗಳ ನಡುವೆ ನಿಂತ ಕೊರಿಯರ್ ಹುಡುಗನನ್ನು ದೇವರೇ ಕಾಪಾಡಬೇಕು.

ಇನ್ನು ‘ಗ್ರಾಮಾಂತರ’ ಪೂರ್ತಿ ಸತ್ತಿಲ್ಲ, ಗಾಬರಿಯಾಗಬೇಡಿ. ಬೆಂಗಳೂರು ಗ್ರಾಮಾಂತರ ಅಂತ ಲೋಕಸಭಾ ಕ್ಷೇತ್ರವೊಂದಿದೆ. ಅದರಲ್ಲಿ ಕನಕಪುರ, ರಾಮನಗರ, ಆನೇಕಲ್, ರಾಜರಾಜೇಶ್ವರಿನಗರ ಎಲ್ಲ ಇವೆ. ತುಮಕೂರು ಜಿಲ್ಲೆಯ ಕುಣಿಗಲ್ ಕೂಡ ಇದೆ. ಇಲ್ಲದಿರುವುದು ಗ್ರಾಮಾಂತರ ಜಿಲ್ಲೆ ಮಾತ್ರ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ಓಟು ಹಾಕುವುದು ಚಿಕ್ಕಬಳ್ಳಾಪುರದ ಎಂಪಿಗೆ. ಇದನ್ನು ಗೆರೆ ಎಳೆದು ಹಂಚಿದವರ ಕೈಗೆ ನಮಸ್ಕಾರ.

ಈ ಜಿಲ್ಲೆಯ ಜಾತಕವೇ ಹಾಗೆ. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಒಡೆದು ಗ್ರಾಮಾಂತರ ಮಾಡಿದರು. ಎಂಟು ತಾಲ್ಲೂಕು, ನಗರದ ಸುತ್ತ ಬಳಸಿಕೊಂಡು. ಡಿಸಿ ಸಾಹೇಬರು ಮಾತ್ರ ಹಳ್ಳಿಗೆ ಹೋಗಲಿಲ್ಲ. ವಿಧಾನಸೌಧದ ಹತ್ತಿರವೇ ವಿಶ್ವೇಶ್ವರಯ್ಯ ಗೋಪುರದಲ್ಲಿ ಕೂತರು. ಪಹಣಿ ತಕರಾರಿಗೆ ಕನಕಪುರದ ರೈತನೂ ದೊಡ್ಡಬಳ್ಳಾಪುರದ ನೇಕಾರನೂ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಅಲ್ಲಿಗೆ ಬರಬೇಕಿತ್ತು. 2007ರಲ್ಲಿ ನಾಲ್ಕು ತಾಲ್ಲೂಕು ರಾಮನಗರ ಜಿಲ್ಲೆಯಾಗಿ ಕಳಚಿಕೊಂಡವು. ಆ ರಾಮನಗರವೂ 2025ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಆಯಿತು ಬಿಡಿ. ಮೂರು ದಶಕ ದಾಟಿದ ಮೇಲೆ ಗ್ರಾಮಾಂತರದ ಜಿಲ್ಲಾಡಳಿತಕ್ಕೆ ದೇವನಹಳ್ಳಿ ಹತ್ತಿರದ ಬೀರಸಂದ್ರದಲ್ಲಿ ಸ್ವಂತ ಕಟ್ಟಡ ಸಿಕ್ಕಿತು. ಹಳ್ಳಿ ಸೇರಿದ ಕೆಲವೇ ವರ್ಷಕ್ಕೆ ಹೆಸರಿನಿಂದ ಹಳ್ಳಿ ತೆಗೆದರು.

ನಿಜ ಹೇಳಬೇಕೆಂದರೆ ಹೊಸಕೋಟೆ ಬಿರಿಯಾನಿಗೆ ಬೆಳಗಿನ ಜಾವ ನಾಲ್ಕಕ್ಕೆ ಕ್ಯೂ ನಿಲ್ಲುವ ಬೆಂಗಳೂರಿನ ಜನ ಅದು ಯಾವ ಜಿಲ್ಲೆ ಅಂತ ಯಾವತ್ತೂ ಕೇಳಿದವರಲ್ಲ. ದಮ್ ಒಡೆದ ಹಂಡೆಯ ಘಮ ಹಿಡಿದುಕೊಂಡೇ ಹೋಗುತ್ತಾರೆ. ಮಟನ್ ಖಾಲಿಯಾಯಿತು ಅಂದಾಗ ಮಾತ್ರ ಅವರಿಗೆ ಆಡಳಿತದ ಮೇಲೆ ಸಿಟ್ಟು ಬರುವುದು. ‘ಬೆಂಗಳೂರು’ ಅನ್ನೋ ಹೆಸರು ಬೇಕಾದದ್ದು ಸೈಟು ಮಾರುವವರಿಗೆ. ಬ್ರೋಷರ್‌ನಲ್ಲಿ ‘ಗ್ರಾಮಾಂತರ’ ಅಂತಿದ್ದರೆ ಚದರಡಿ ರೇಟು ಏರುವುದಿಲ್ಲ ನೋಡಿ.

ಭೂಮಿ ಅಂದ ಮೇಲೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ನೆನಪಾಗಲೇಬೇಕು. ಕೈಗಾರಿಕೆಗೆ ಅಂತ ಸರ್ಕಾರ ಕಣ್ಣಿಟ್ಟಿದ್ದು 13 ಹಳ್ಳಿ, 1,777 ಎಕರೆ. ಜಮೀನು ಕೊಡೋಲ್ಲ ಅಂತ 2022ರ ಏಪ್ರಿಲ್‌ನಿಂದ ಧರಣಿ ಕೂತ ಜನ. 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಪೊಲೀಸರು ಅವರನ್ನು ಎಳೆದುಕೊಂಡು ಹೋದರು. ಸರಿಯಾಗಿ ಒಂದು ವಾರಕ್ಕೆ ಬೆಟ್ಟದ ಮೇಲೆ ಕೂತವರಿಗೆ ಆ ಜಿಲ್ಲೆಯ ಬಗ್ಗೆ ಹೊಳೆದದ್ದು ಹೊಸ ಹೆಸರು! ಭೂಸ್ವಾಧೀನ ಕೈಬಿಟ್ಟಿದ್ದು ಜುಲೈ 15ಕ್ಕೆ. ಅದೂ ಯಾರೋ ದೊಡ್ಡ ಮನಸ್ಸು ಮಾಡಿದ್ದರಿಂದಲ್ಲ. ಆ ರೈತರು ಮೂರು ವರ್ಷಕ್ಕೂ ಜಾಸ್ತಿ ಕಾಲ ಎದ್ದು ಹೋಗಲಿಲ್ಲ, ಅದಕ್ಕೆ.

ಅಷ್ಟು ದಿನ ಅವರ ಪರವಾಗಿ ಜಿಲ್ಲಾ ಪಂಚಾಯಿತಿಯಲ್ಲಿ ಮಾತಾಡಿದವರು ಯಾರು? ಯಾರೂ ಇಲ್ಲ. ಅಲ್ಲಿ ಸದಸ್ಯರೇ ಇರಲಿಲ್ಲ. ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ 1983ರ ಜಿಲ್ಲಾ ಪರಿಷತ್ ಕಾಯ್ದೆ ಬಂತು, 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಅವರ ಕೈಕೆಳಗೆ ಐಎಎಸ್ ಅಧಿಕಾರಿ. ಹಳ್ಳಿಯವನೊಬ್ಬ ಕಾರಲ್ಲಿ ಬಂದು ಸಾಹೇಬರನ್ನು ಪ್ರಶ್ನೆ ಕೇಳಬಹುದಿತ್ತು. ಈಗ? ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ಚುನಾವಣೆ ಆಗಿದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಆಡಳಿತಾಧಿಕಾರಿ. ಸರ್ಕಾರ ಬದಲಾಯಿತು, ಆಡಳಿತಾಧಿಕಾರಿ ಬದಲಾಗಲಿಲ್ಲ. ಕೇಳಿದರೆ ಕ್ಷೇತ್ರ ಮರುವಿಂಗಡಣೆ ಅಂತಾರೆ, ಮೀಸಲಾತಿ ಪಟ್ಟಿ ಅಂತಾರೆ, ಕೋರ್ಟು ಅಂತಾರೆ. ಒಂದೇ ದಿನದಲ್ಲಿ ಒಂದಿಡೀ ಜಿಲ್ಲೆಯನ್ನು ಉತ್ತರಕ್ಕೆ ತಿರುಗಿಸಿದವರಿಗೆ, ಅದೇ ನಾಲ್ಕು ತಾಲ್ಲೂಕಿನ ಜನರ ಕೈಗೆ ಒಂದು ಓಟಿನ ಚೀಟಿ ಕೊಡೋಕೆ ನಾಲ್ಕು ವರ್ಷ ಸಾಲಲಿಲ್ಲ.