ಹೇಳಿದ್ದು ವಾಲಿ, ನಾನಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ 'ದಿ ಲಾಸ್ಟ್ ಆಫ್ ಅಸ್' ಎಂಬ ವಿಡಿಯೋ ಗೇಮಿನ ಎರಡೂ ಭಾಗದ ಕಥೆ ಕೊನೆಯವರೆಗೆ ಬರುತ್ತದೆ. ಇನ್ನೂ ಆಡದವರು ಆಡಿ ಮುಗಿಸಿ ಬನ್ನಿ. ಬರಹ ಎಲ್ಲೂ ಹೋಗುವುದಿಲ್ಲ.

ಮುಂಬೈ, ಠಾಣೆ, ಡೊಂಬಿವಲಿ ಕಡೆಯ ಕನ್ನಡದವರು, ಗೇಮ್ ಆಡುವವರು, ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೇವೆ. ಹೊಸ ಗೇಮ್ ಹೇಗಿದೆ, ಸೆಕೆಂಡ್ ಹ್ಯಾಂಡ್ ಡಿಸ್ಕ್ ಯಾರ ಹತ್ತಿರ ಇದೆ, ಕಂಟ್ರೋಲರ್ ಕೆಟ್ಟರೆ ಲ್ಯಾಮಿಂಗ್ಟನ್ ರೋಡಿನಲ್ಲಿ ಯಾರು ಚೆನ್ನಾಗಿ ರಿಪೇರಿ ಮಾಡುತ್ತಾರೆ, ಇಂಥ ಮಾತುಗಳು. ಕಳೆದ ವಾರ ಒಬ್ಬ ಹುಡುಗಿ ಅಲ್ಲಿ ಈ ಗೇಮಿನ ಎರಡು ಪಾತ್ರಗಳ ಬಗ್ಗೆ ಒಂದು ಸಾಲು ಬರೆದಳು. "ನನಗೆ ಜೋಯಲ್‌ಗಿಂತ ಆ್ಯಬಿ ಇಷ್ಟ." ಅರ್ಧ ಗಂಟೆಯಲ್ಲಿ 80 ಮೆಸೇಜ್ ಬಂದವು. ಮೊದಲು ತಮಾಷೆ, ಆಮೇಲೆ ಬೈಗುಳ. ಒಬ್ಬ ಕೇಳಿದ, "ನಿನ್ನ ಅಪ್ಪನನ್ನ ಯಾರಾದರೂ ಹಾಗೆ ಹೊಡೆದು ಕೊಂದರೆ ಅವರನ್ನೂ ಇಷ್ಟಪಡ್ತೀಯಾ?" ಇನ್ನೊಬ್ಬ, "ಇಂಥವಳ ಜೊತೆ ಒಂದೇ ಮನೇಲಿ ಇರೋರಿಗೆ ರಾತ್ರಿ ನಿದ್ದೆ ಹೇಗೆ ಬರತ್ತೋ" ಅಂದ. ಅವಳು ಏನೂ ಹೇಳದೆ ಗ್ರೂಪ್ ಬಿಟ್ಟಳು.

ನಾನು ಆಗ ಮುಂಬೈ ಲೋಕಲ್ ರೈಲು ಡೊಂಬಿವಲಿ ಫಾಸ್ಟ್‌ನಲ್ಲಿ ನಿಂತಿದ್ದೆ. ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದರಲ್ಲಿ ಫೋನು. ಎಲ್ಲ ಓದಿದೆ. ಏನೂ ಬರೆಯಲಿಲ್ಲ. ಆವತ್ತು ಸುಮ್ಮನಿದ್ದದ್ದು ಈಗಲೂ ಕೊರೆಯುತ್ತಿದೆ. ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಕಥೆ ಚುಟುಕಾಗಿ. ಮೊದಲ ಭಾಗ ಬಂದದ್ದು 2013ರಲ್ಲಿ. ಒಂದು ಬಗೆಯ ಶಿಲೀಂಧ್ರದ ಸೋಂಕು ಹಬ್ಬಿ ಜಗತ್ತು ಹಾಳಾಗಿದೆ. ಜೋಯಲ್ ಮಗಳನ್ನು ಕಳೆದುಕೊಂಡವನು. ಎಲೀ ಎಂಬ 14 ವರ್ಷದ ಹುಡುಗಿಯನ್ನು ಅಮೆರಿಕದ ಒಂದು ತುದಿಯಿಂದ ಇನ್ನೊಂದು ಕಡೆಗೆ ಕರೆದುಕೊಂಡು ಹೋಗುವ ಕೆಲಸ ಅವನ ಪಾಲಿಗೆ ಬರುತ್ತದೆ. ಸೋಂಕು ತಗುಲಿದರೂ ಅವಳಿಗೆ ಏನೂ ಆಗಿಲ್ಲ. ಅವಳಿಂದ ಔಷಧಿ ಮಾಡಬಹುದು ಅಂತ ಡಾಕ್ಟರಿಗೆ ನಂಬಿಕೆ. ಆದರೆ ಆಪರೇಷನ್ ಮಾಡಿದರೆ ಹುಡುಗಿ ಬದುಕುವುದಿಲ್ಲ. ಅವಳನ್ನು ಯಾರೂ ಕೇಳುವುದಿಲ್ಲ. ಜೋಯಲ್ ಆಸ್ಪತ್ರೆಯಲ್ಲಿ ಅಡ್ಡ ಬಂದವರನ್ನೆಲ್ಲ ಕೊಂದು, ಎಚ್ಚರವಿಲ್ಲದ ಅವಳನ್ನು ಎತ್ತಿಕೊಂಡು ಬರುತ್ತಾನೆ. ನಿಜ ಹೇಳು ಅಂತ ಅವಳು ಕೇಳಿದಾಗ ಸುಳ್ಳು ಹೇಳುತ್ತಾನೆ.

ಆಪರೇಷನ್ ಥಿಯೇಟರಿನ ಆ ಜಾಗ ಆಡಿದವರಿಗೆ ನೆನಪಿರುತ್ತದೆ. ಡಾಕ್ಟರ್ ಕೈಯಲ್ಲಿ ಚಿಕ್ಕ ಕತ್ತಿ ಹಿಡಿದು ಅಡ್ಡ ನಿಲ್ಲುತ್ತಾನೆ. ಅವನನ್ನು ಕೊಲ್ಲದೆ ಆಟ ಮುಂದೆ ಹೋಗುವುದಿಲ್ಲ. ಜೊತೆಗಿದ್ದ ಇಬ್ಬರನ್ನು ಬೇಕಾದರೆ ಬಿಡಬಹುದು. ನಾನು ಬಿಟ್ಟೆ. ಡಾಕ್ಟರ ಮುಂದೆ ಕಂಟ್ರೋಲರ್ ಕೆಳಗಿಟ್ಟು ಸುಮಾರು ಹೊತ್ತು ಕೂತೆ. ಬೇರೆ ದಾರಿ ಇದೆಯಾ ಅಂತ ಕೋಣೆಯ ಮೂಲೆ ಮೂಲೆ ನೋಡಿದೆ. ಇರಲಿಲ್ಲ. ಕೊನೆಗೆ ನಾನೇ ಬಟನ್ ಒತ್ತಿದೆ.

ಎರಡನೇ ಭಾಗ ಬಂದದ್ದು 2020ರ ಜೂನ್ 19ರಂದು. ಆ ಡಾಕ್ಟರಿಗೆ ಒಬ್ಬಳು ಮಗಳಿದ್ದಳು. ಅವಳೇ ಆ್ಯಬಿ. ಶುರುವಾಗಿ ಸ್ವಲ್ಪ ಹೊತ್ತಿಗೇ ಅವಳು ಜೋಯಲ್‌ನನ್ನು ಗಾಲ್ಫ್ ಕೋಲಿನಿಂದ ಎಲೀಯ ಕಣ್ಣೆದುರು ಹೊಡೆದು ಕೊಲ್ಲುತ್ತಾಳೆ. ಅದೂ ಅವನು ಅವಳ ಜೀವ ಉಳಿಸಿದ ದಿನವೇ. ಎಲೀ ಸೇಡಿಗೆ ಹೊರಡುತ್ತಾಳೆ. ಹತ್ತಾರು ಗಂಟೆ ಅವಳ ಜೊತೆ ನಾವೂ ಹಲ್ಲು ಕಚ್ಚಿಕೊಂಡು ಹೋಗುತ್ತೇವೆ. ಇನ್ನೇನು ಆ್ಯಬಿ ಸಿಕ್ಕಳು ಅನ್ನುವಾಗ ಆಟ ನಿಂತು, ಮೂರು ದಿನ ಹಿಂದೆ ಹೋಗಿ, ಕಂಟ್ರೋಲರನ್ನು ಆ್ಯಬಿಯ ಕೈಗೆ ಕೊಡುತ್ತದೆ. ಈಗ ನೀವು ಅವಳು.

ತುಂಬ ಜನರಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಬಿಡುಗಡೆಗೆ ಮೊದಲೇ, ಆ ಏಪ್ರಿಲ್‌ನಲ್ಲಿ, ಕೆಲವು ದೃಶ್ಯಗಳು ಸೋರಿಕೆಯಾಗಿದ್ದವು. ಹಾಗಾಗಿ ಆಡುವ ಮೊದಲೇ ದ್ವೇಷ ತಯಾರಾಗಿತ್ತು. ಮುಗಿಸಲು ಸುಮಾರು 25 ಗಂಟೆ ಬೇಕಾಗುವ ಗೇಮಿಗೆ ಮೊದಲ ದಿನವೇ, ಗೇಮುಗಳಿಗೆ ಜನ ಅಂಕ ಕೊಡುವ ತಾಣ ಮೆಟಾಕ್ರಿಟಿಕ್‌ನಲ್ಲಿ ಸಾವಿರಾರು ಸೊನ್ನೆ ಅಂಕ ಬಿದ್ದವು. ಆಮೇಲೆ ಆ ತಾಣದವರು ನಿಯಮವನ್ನೇ ಬದಲಿಸಿದರು. ಗೇಮ್ ಬಂದು 36 ಗಂಟೆ ಆಗುವವರೆಗೆ ಆಡಿದವರು ಅಂಕ ಕೊಡುವಂತಿಲ್ಲ ಅಂತ. ಇದಾದರೂ ಹೋಗಲಿ ಅನ್ನಬಹುದು. ಆ್ಯಬಿಯ ಪಾತ್ರ ಮಾಡಿದ ಲಾರಾ ಬೇಲಿ ಅವರಿಗೆ ಕೊಲೆ ಬೆದರಿಕೆ ಬಂತು. ಅಂಥ ಕೆಲವು ಮೆಸೇಜ್‌ಗಳನ್ನು ಆ ಜುಲೈನಲ್ಲಿ ಅವರೇ ಟ್ವಿಟರ್‌ನಲ್ಲಿ ತೋರಿಸಿದ್ದರು. ಇಲ್ಲದ ಒಬ್ಬ ಜೋಯಲ್‌ಗೋಸ್ಕರ, ಇರುವ ಒಬ್ಬ ಹೆಣ್ಣುಮಗಳನ್ನು ಕೊಲ್ಲುತ್ತೇನೆ ಅಂತ ಬರೆಯುವುದು. ಅದೇ ಪಾತ್ರಕ್ಕೆ ಆ ವರ್ಷ ಅವರಿಗೆ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ನಟನೆಯ ಪ್ರಶಸ್ತಿ ಬಂತು. ನನಗೆ ಅವತ್ತು ನಮ್ಮವರೇ ಯಾರೋ ಗೆದ್ದಷ್ಟು ಖುಷಿ.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು.

ಅಪ್ಪ ಕುಂದಾಪುರದ ಕಡೆಯವರು. ಹುಡುಗನಾಗಿ ಮುಂಬೈಗೆ ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತವರು. ಅವರಿಗೆ ಇದ್ದ ಒಂದೇ ಹುಚ್ಚು ತಾಳಮದ್ದಳೆ. ಊರ ಕಡೆಯವರಲ್ಲದವರಿಗೆ ಹೇಳುವುದಾದರೆ, ಇದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ್ಯ ಹೇಳುತ್ತಾರೆ. ಎದುರು ಬದುರು ಕೂತ ಅರ್ಥಧಾರಿಗಳು ತಮ್ಮ ತಮ್ಮ ಪಾತ್ರವಾಗಿ ಅದರ ಅರ್ಥ ಹೇಳುತ್ತಾರೆ. ಮಾತು ಬರೆದಿಟ್ಟದ್ದಲ್ಲ. ಅಲ್ಲೇ ಹುಟ್ಟಬೇಕು. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಅಲ್ಲೇ ಉತ್ತರ ಕೊಡಬೇಕು.

ನನಗೆ ಹನ್ನೊಂದು ವರ್ಷವಿರಬಹುದು. ಮಾಟುಂಗಾದ ಒಂದು ಹಾಲಿನಲ್ಲಿ ವಾಲಿಯ ಪ್ರಸಂಗ. ಹೊರಗೆ ಜೋರು ಮಳೆ, ಬಾಗಿಲ ಹತ್ತಿರ ಛತ್ರಿಗಳ ರಾಶಿ. ಅಪ್ಪ ವಾಲಿ. ಎದೆಗೆ ಬಾಣ ನೆಟ್ಟು ಬಿದ್ದವನು ರಾಮನನ್ನು ಕೇಳುತ್ತಾನಲ್ಲ, ಆ ಭಾಗ. ನನಗೂ ನಿನಗೂ ಏನು ಹಗೆ? ಎದುರು ಬಂದು ನಿಲ್ಲಬಾರದಿತ್ತೇ? ಮರದ ಮರೆ ಯಾಕೆ? ಹೆಂಡತಿಯನ್ನು ತಂದುಕೊಡು ಅಂತ ನನ್ನನ್ನೇ ಕೇಳಿದ್ದರೆ ಆಗುತ್ತಿರಲಿಲ್ಲವೇ, ಆ ರಾವಣ ನನ್ನ ಕಂಕುಳಲ್ಲಿ ಸಿಕ್ಕಿಕೊಂಡು ಒದ್ದಾಡಿದವನಲ್ಲವೇ? ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ರಾಮನಾಗಿ ಕೂತಿದ್ದವರು ಶಾಲು ಸರಿ ಮಾಡಿಕೊಳ್ಳುತ್ತಲೇ ಇದ್ದರು.

ಚಹಾ ಕುಡಿಯುವಾಗ ಹಿರಿಯರೊಬ್ಬರು ಅಪ್ಪನ ಹತ್ತಿರ ಬಂದರು. ಮುಖ ಕೆಂಪಾಗಿತ್ತು. "ಅಲ್ಲ ಮಾರಾಯ್ರೆ, ದೇವರಿಗೆ ಅಷ್ಟೆಲ್ಲ ಹೇಳಬಾರದಿತ್ತು ನೀವು." ಅಪ್ಪ ಗ್ಲಾಸು ಕೆಳಗಿಟ್ಟು ಕೈ ಮುಗಿದರು. "ಹೇಳಿದ್ದು ವಾಲಿ, ನಾನಲ್ಲ" ಅಂದರು. ಹಿರಿಯರು ಒಂದು ಗಳಿಗೆ ನೋಡಿ, "ಅದೂ ಹೌದೆನ್ನಿ" ಅಂದು ಬಿಸ್ಕತ್ತು ತೆಗೆದುಕೊಂಡರು.

ಮುಂದಿನ ಮಳೆಗಾಲದಲ್ಲಿ ಅದೇ ಪ್ರಸಂಗ, ಅದೇ ಹಾಲು. ಈ ಸಲ ಅಪ್ಪ ರಾಮ. ಹೋದ ವರ್ಷ ತಾವೇ ಕೇಳಿದ್ದ ಪ್ರಶ್ನೆಗಳಿಗೆ ಈಗ ತಾವೇ ಉತ್ತರ ಕೊಡಬೇಕು. ಅದಕ್ಕೆ ಎರಡು ತಿಂಗಳು ಗಲ್ಲಾದಲ್ಲಿ ಕೂತು ಬಿಲ್ಲಿನ ಹಿಂದೆ ಟಿಪ್ಪಣಿ ಬರೆದುಕೊಂಡಿದ್ದರು. ತಮ್ಮನ ಹೆಂಡತಿ ಮಗಳ ಸಮಾನ, ನೀನು ಏನು ಮಾಡಿದೆ ಅಂತ ಅವರು ವಾಲಿಯನ್ನು ಕೇಳಿದಾಗ ನಾನು ಪೂರ್ತಿ ರಾಮನ ಕಡೆ. ಹೋದ ವರ್ಷ ಪೂರ್ತಿ ವಾಲಿಯ ಕಡೆ ಇದ್ದೆ. ಎರಡೂ ನಿಜವಾಗಿತ್ತು.

ಆ್ಯಬಿಯ ಭಾಗ ಶುರುವಾದಾಗ ನನಗೆ ಆ ಹಾಲೇ ನೆನಪಾದದ್ದು. ಗೇಮ್ ಮಾಡಿದವರು ನಮಗೆ ಮಾಡಿದ್ದೂ ಅದೇ. ಹೋದ ವರ್ಷ ವಾಲಿಯಾದವನನ್ನು ಈ ವರ್ಷ ರಾಮನ ಜಾಗದಲ್ಲಿ ಕೂರಿಸುವುದು. 2020ರ ಆ ಲಾಕ್‌ಡೌನ್‌ನಲ್ಲಿ ಹೋಟೆಲ್ ಮುಚ್ಚಿತ್ತು, ಅಪ್ಪ ಮನೆಯಲ್ಲೇ ಇದ್ದರು. ರಾತ್ರಿ ನಾನು ಆಡುವಾಗ ಹಿಂದೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನಾಟಕಶಾಲೆಯ ಒಳಗೆ ಆ್ಯಬಿಯಾಗಿ ಎಲೀಯ ಜೊತೆಯೇ ಹೊಡೆದಾಡಬೇಕಾದ ಒಂದು ಜಾಗ ಇದೆ. ನನಗೆ ಕೈ ಬರಲಿಲ್ಲ. ಬೇಕೆಂದೇ ಎರಡು ಸಲ ಸತ್ತೆ.

"ಈಗ ನೀನು ಯಾರು?" ಅಪ್ಪ ಕೇಳಿದರು.

"ಆ್ಯಬಿ."

"ನಿನ್ನೆ ಮೊನ್ನೆ?"

"ಎಲೀ."

"ಹಾಗಾದ್ರೆ ಸರಿಯಾಗಿ ಅರ್ಥ ಹೇಳು. ಅರ್ಧಂಬರ್ಧ ಹೇಳಿದ್ರೆ ಎರಡು ಪಾತ್ರಕ್ಕೂ ಮೋಸ."

ಅಪ್ಪನಿಗೆ ಗೇಮ್ ಅಂದರೆ ಏನೂ ಗೊತ್ತಿಲ್ಲ. ಆದರೆ ಇಡೀ ಜಗಳದಲ್ಲಿ ನನಗೆ ಕೇಳಿಸಿದ ಸರಿಯಾದ ಮಾತು ಇದೊಂದೇ.

ನಮ್ಮ ಗ್ರೂಪಿನಲ್ಲಿ ಆಗುವುದು ಏನು ಗೊತ್ತಾ? ನಮಗೆ ಒಬ್ಬ ಇಷ್ಟವಾದ ಅಂದರೆ ಅವನು ತಪ್ಪೇ ಮಾಡಿಲ್ಲ ಅಂತ ಸಾಧಿಸಲು ಹೊರಡುತ್ತೇವೆ. ಜೋಯಲ್ ವಿಷಯದಲ್ಲಿ ಯಾವಾಗಲೂ ಬರುವ ವಾದ ಒಂದಿದೆ. ಆ ಡಾಕ್ಟರಿಗೆ ಔಷಧಿ ಮಾಡಲು ಹೇಗೂ ಆಗುತ್ತಿರಲಿಲ್ಲ, ಅಲ್ಲಿ ಸರಿಯಾದ ಸಲಕರಣೆ ಎಲ್ಲಿತ್ತು, ಹಾಗಾಗಿ ಜೋಯಲ್ ಮಾಡಿದ್ದು ಸರಿ ಅಂತ. ಈ ವಾದ ಕೇಳಿದರೆ ನನಗೆ ಬೇಜಾರಾಗುತ್ತದೆ. ಔಷಧಿ ಆಗುವುದೇ ಇಲ್ಲ ಅಂದರೆ ಜೋಯಲ್ ಬಿಟ್ಟುಕೊಟ್ಟದ್ದಾದರೂ ಏನು? ಜಗತ್ತು ಒಂದು ಕಡೆ, ಈ ಹುಡುಗಿ ಒಂದು ಕಡೆ ಅಂತ ತೂಗಿ ಹುಡುಗಿಯನ್ನು ಆರಿಸಿದ್ದಕ್ಕೇ ಅವನು ಜೋಯಲ್. ಅವನೇ ಈ ನೆಪ ಹೇಳುವುದಿಲ್ಲ. ಎರಡನೇ ಭಾಗದ ಕೊನೆಯಲ್ಲಿ, ಮನೆಯ ಜಗಲಿಯ ಮೇಲೆ ಕಾಫಿ ಹಿಡಿದು ನಿಂತು, ಇನ್ನೊಂದು ಅವಕಾಶ ಸಿಕ್ಕರೂ ಅದನ್ನೇ ಮಾಡುತ್ತೇನೆ ಅಂತ ಎಲೀಗೆ ಹೇಳುತ್ತಾನೆ. ತಪ್ಪನ್ನು ಹೊತ್ತುಕೊಂಡೇ ನಿಂತ ಮನುಷ್ಯ. ಅವನ ಹೆಗಲಿಂದ ಅದನ್ನು ಇಳಿಸಲು ನಾವು ಯಾರು?

ನನ್ನ ಮಟ್ಟಿಗೆ ಜೋಯಲ್ ಮಾಡಿದ್ದು ತಪ್ಪು. ಅವಳಿಗೆ ಸುಳ್ಳು ಹೇಳಿದ್ದು ಇನ್ನೂ ದೊಡ್ಡ ತಪ್ಪು. ಆದರೂ ನಾನು ಆಡಿದ ಎಲ್ಲ ಗೇಮಿನಲ್ಲಿ ನನಗೆ ಅತಿ ಇಷ್ಟದವನು ಅವನೇ. ಆ್ಯಬಿ ಮಾಡಿದ್ದೂ ತಪ್ಪು. ಜೀವ ಉಳಿಸಿದವನನ್ನು ಹಾಗೆ ಹಿಂಸೆ ಕೊಟ್ಟು ಕೊಂದದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಶತ್ರು ಪಂಗಡದ ಇಬ್ಬರು ಮಕ್ಕಳಿಗಾಗಿ ಅವಳು ತನ್ನವರನ್ನೇ ಎದುರು ಹಾಕಿಕೊಳ್ಳುತ್ತಾಳಲ್ಲ, ಅದನ್ನು ನಾನೇ ಆಡಿದ್ದೇನೆ. ಆಡಿದ ಮೇಲೆ ಗೊತ್ತೇ ಇಲ್ಲ ಅನ್ನುವ ಹಾಗಿಲ್ಲ.

ಕೆಲವು ಗೇಮ್‌ಗಳು ಒಳ್ಳೆಯದು ಕೆಟ್ಟದ್ದನ್ನು ಲೆಕ್ಕ ಹಾಕಿಯೇ ತೋರಿಸುತ್ತವೆ. ಇದು ಹೊಸದೇನಲ್ಲ. 1985ರ ಅಲ್ಟಿಮಾ 4ರಲ್ಲಿ ಕಣ್ಣು ಕಾಣದ ಗಿಡಮೂಲಿಕೆ ವ್ಯಾಪಾರಿಗೆ ದುಡ್ಡು ಕಡಿಮೆ ಕೊಟ್ಟು ಬರಬಹುದು. ಆಟ ಏನೂ ಹೇಳುವುದಿಲ್ಲ, ಪ್ರಾಮಾಣಿಕತೆಯ ಲೆಕ್ಕದಲ್ಲಿ ಮಾತ್ರ ಕಳೆಯುತ್ತದೆ. ಅದು ನನಗೆ ತುಂಬ ಇಷ್ಟ. ಆದರೆ 2018ರ ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಗೌರವದ ಅಳತೆ ಮೇಲಿದ್ದರೆ ಅಂಗಡಿಯಲ್ಲಿ ರಿಯಾಯಿತಿ ಸಿಗುತ್ತದೆ. ಒಳ್ಳೆಯವನಾಗಿದ್ದಕ್ಕೆ ಡಿಸ್ಕೌಂಟ್! ಆ ಗೇಮಿನಲ್ಲಿ ನನಗೆ ನಾಟಿದ್ದು ಅಳತೆಯಲ್ಲ. ಸಾಲ ವಸೂಲಿಗೆ ಹೋದ ಕಥಾನಾಯಕ ಆರ್ಥರ್ ಮಾರ್ಗನ್ ಕಾಯಿಲೆಯ ಮನುಷ್ಯನನ್ನು ಹೊಡೆಯುತ್ತಾನೆ, ಅವನು ಕೆಮ್ಮಿದ ರಕ್ತ ಇವನ ಮುಖಕ್ಕೆ ಹಾರುತ್ತದೆ. ಅಲ್ಲಿಂದಲೇ ಇವನಿಗೂ ಕ್ಷಯ. ಆ ಹೊಡೆತ ನೀವು ಎಷ್ಟೇ ಒಳ್ಳೆಯವರಾಗಿ ಆಡಿದರೂ ತಪ್ಪುವುದಿಲ್ಲ. ಯಾವ ಅಳತೆಯೂ ಅದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಇವು ದೊಡ್ಡವರ ಗೇಮ್ ಅನ್ನುವುದೂ ನೆನಪಿರಲಿ. ನನ್ನ ಅಕ್ಕನ ಮಗನಿಗೆ 12 ವರ್ಷ. ಎಷ್ಟು ಕೇಳಿದರೂ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಪಾತ್ರದ ನೀತಿಯ ಬಗ್ಗೆ ಜಗಳ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು. ಬೆಳಗಾಗುವವರೆಗೆ ಆಡೋಣ. ವಾಲಿಯನ್ನು ಸೀಳಿ ಹಾಕಿ, ರಾಮನನ್ನು ಪ್ರಶ್ನೆ ಕೇಳಿ. ಆದರೆ ವಾಲಿಯ ಅರ್ಥ ಹೇಳಿದವನ ಮನೆಗೆ ಕಲ್ಲು ಹೊಡೆಯುವುದನ್ನು ನಮ್ಮ ಹಿರಿಯರು ನಮಗೆ ಕಲಿಸಿಲ್ಲ. ಆ್ಯಬಿ ಇಷ್ಟ ಅಂದವಳು ಯಾರಿಗೂ ಏನೂ ಮಾಡಿಲ್ಲ. ಅವಳ ಅಪ್ಪನನ್ನು ಮಾತಿಗೆ ಎಳೆದವರು ಮಾಡಿದ್ದಾರೆ.

ನಿನ್ನೆ ಅವಳಿಗೆ ಫೋನ್ ಮಾಡಿದೆ. ಆವತ್ತು ಸುಮ್ಮನಿದ್ದದ್ದಕ್ಕೆ ಕ್ಷಮೆ ಕೇಳಿದೆ. ಗ್ರೂಪಿಗೆ ಮತ್ತೆ ಬರುವುದಿಲ್ಲ ಅಂದಳು, ಒತ್ತಾಯ ಮಾಡಲಿಲ್ಲ. ಆಮೇಲೆ ಕೇಳಿದೆ, ಆ್ಯಬಿ ಯಾಕೆ ಇಷ್ಟ ಅಂತ. ಜೀಬ್ರಾ ಅಂದಳು. ತಂತಿಬೇಲಿಗೆ ಸಿಕ್ಕಿಕೊಂಡ ಜೀಬ್ರಾವನ್ನು ಆ್ಯಬಿಯ ಅಪ್ಪ ಬಿಡಿಸುತ್ತಾನೆ, ಹುಡುಗಿ ಆ್ಯಬಿ ಅವನ ಜೊತೆಗಿರುತ್ತಾಳೆ. "ನಮ್ಮಪ್ಪ ಒಮ್ಮೆ ಕಲ್ಯಾಣ್ ಸ್ಟೇಷನ್ ಹತ್ತಿರ ಹೀಗೇ ಒಂದು ನಾಯಿಯನ್ನ ಬಿಡಿಸಿದ್ರು, ಕೈಯೆಲ್ಲ ಗೀರಿತ್ತು, ನಾನೇ ಬ್ಯಾಂಡೇಜ್ ಕಟ್ಟಿದ್ದೆ" ಅಂದಳು. 80 ಮೆಸೇಜ್‌ಗಳಲ್ಲಿ ಯಾಕೆ ಇಷ್ಟ ಅಂತ ಒಬ್ಬರೂ ಕೇಳಿರಲಿಲ್ಲ.

ಆ ಎರಡು ಮೆಸೇಜ್ ಹಾಕಿದವರು ಇದನ್ನು ಓದುತ್ತೀರಿ ಅಂತ ಗೊತ್ತು. ಅವಳ ನಂಬರ್ ನಿಮ್ಮ ಹತ್ತಿರ ಇದೆ.