ಏಷ್ಯಾದಲ್ಲೇ ಎರಡನೆಯದು

ಜೋಗದ ಎದುರಿನ ಕಟ್ಟೆಯ ಬಳಿ ನಿಂತು ಮಂಜು ಸರಿಯಲೆಂದು ಕಾಯುತ್ತಿದ್ದೆ. ಪಕ್ಕದಲ್ಲಿ ಪ್ರವಾಸ ಬಂದ ಶಾಲಾ ಮಕ್ಕಳ ದಂಡು. ಮೇಷ್ಟರು ಮಡಚಿದ ಕೊಡೆಯನ್ನೇ ಕೋಲಿನಂತೆ ಚಾಚಿ, ಕಾಣದ ಜಲಪಾತದ ಕಡೆಗೆ ತೋರಿಸುತ್ತಾ, "ಇದು ಏಷ್ಯಾದಲ್ಲೇ ಎರಡನೆಯ ಅತಿ ಎತ್ತರದ ಜಲಪಾತ. ಬರೆದುಕೊಳ್ಳಿ" ಎಂದರು. ಎಲ್ಲರೂ ಬರೆದುಕೊಂಡರು. ಒಬ್ಬಳು ಹುಡುಗಿ ಮಾತ್ರ ಪೆನ್ನನ್ನು ಗಾಳಿಯಲ್ಲೇ ಹಿಡಿದು ಕೇಳಿದಳು: "ಸಾರ್, ಹಾಗಾದರೆ ಮೊದಲನೆಯದು ಯಾವುದು?"

ಮೇಷ್ಟರು ಅವಳನ್ನು ಒಮ್ಮೆ ನೋಡಿದರು, ಮಂಜನ್ನು ಒಮ್ಮೆ ನೋಡಿದರು. "ಅದು ಸಿಲಬಸ್‌ನಲ್ಲಿ ಇಲ್ಲ" ಎಂದರು.

ಅಂದು ಹತ್ತಿದ ಚಿಂತೆ ನನ್ನನ್ನು ಇನ್ನೂ ಬಿಟ್ಟಿಲ್ಲ. ನಮ್ಮ ರಾಜ್ಯದಲ್ಲಿ ಯಾವ ದಿಕ್ಕಿಗೆ ಬಸ್ ಹತ್ತಿದರೂ ಏಷ್ಯಾದಲ್ಲಿ ಎರಡನೆಯದಾಗಿರುವ ಏನಾದರೊಂದು ಎದುರಾಗುತ್ತದೆ. ಚನ್ನಗಿರಿಯ ಕಡೆ ಹೋದರೆ ಸೂಳೆಕೆರೆ, ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ. ಎರಡನೆಯದಾಗಲು ಒಪ್ಪದವು ನೇರವಾಗಿ ಅತಿ ದೊಡ್ಡವಾಗಿಬಿಡುತ್ತವೆ: ಒಂದೂರಿನ ರೇಷ್ಮೆಗೂಡಿನ ಮಾರುಕಟ್ಟೆ, ಇನ್ನೊಂದೂರಿನ ಮೆಣಸಿನಕಾಯಿ ಮಾರುಕಟ್ಟೆ, ಮತ್ತೊಂದೂರಿನ ಎಪಿಎಂಸಿ ಅಂಗಳ. ಆಗುಂಬೆಯ ಪಾಡು ಇನ್ನೂ ವಿಚಿತ್ರ. ಅಷ್ಟು ಮಳೆ ಸುರಿಸಿಯೂ ಅದಕ್ಕೆ ದಕ್ಕಿದ್ದು ದಕ್ಷಿಣದ ಚಿರಾಪುಂಜಿ ಎಂಬ ಉಪನಾಮ, ಅಂದರೆ ಬೇರೆಯವರ ಹೆಸರು.

ಜೋಗದ ಲೆಕ್ಕವನ್ನೇ ತೆಗೆದುಕೊಳ್ಳಿ. ಅದರ ಎತ್ತರ 253 ಮೀಟರ್. ಜಪಾನಿನ ಶೋಮ್ಯೊ ಜಲಪಾತ 350 ಮೀಟರ್. ಅಷ್ಟು ದೂರ ಹೋಗುವ ಖರ್ಚು ಬೇಡವೆಂದರೆ ಮೇಘಾಲಯದ ನೊಹ್ಕಲಿಕೈ ಇದೆ, ಅದು 340 ಮೀಟರ್. ಅದೂ ದೂರವಾಯಿತೇ? ಶಿವಮೊಗ್ಗ ಜಿಲ್ಲೆಯ ಕುಂಚಿಕಲ್ ಜಲಪಾತಕ್ಕೆ ಪಟ್ಟಿಗಳು ಕೊಡುವ ಎತ್ತರ 455 ಮೀಟರ್. ಅಂದರೆ ಏಷ್ಯಾದಲ್ಲಿ ಎರಡನೆಯದಾಗುವ ಮೊದಲು ಜೋಗವು ತನ್ನ ಜಿಲ್ಲೆಯಲ್ಲೇ ಒಂದು ಸುತ್ತು ಗೆದ್ದು ಬರಬೇಕಾಗಿದೆ.

ಹಾಗೆಂದು ಜೋಗ ಕುಗ್ಗಿತೇ? ಅಷ್ಟೆತ್ತರದಿಂದ ಎಲ್ಲೂ ಬಂಡೆಗೆ ತಾಗದೆ ಒಂದೇ ನೆಗೆತಕ್ಕೆ ಧುಮುಕುವ ರಾಜನಿಗೆ ಶೋಮ್ಯೊದ ಹಂಗೇಕೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಮಳೆಗಾಲ ಕಳೆದರೆ ಅದೇ ರಾಜ ಬಂಡೆಯ ಮೇಲಿನ ಒದ್ದೆ ಗೆರೆಯಾಗುತ್ತಾನೆ. ಅವನ ನೀರು ಕೊಳವೆಯಲ್ಲಿ ಇಳಿದು ನಮ್ಮ ಮನೆಗಳ ಮಿಕ್ಸಿ ತಿರುಗಿಸುತ್ತದೆ. ಇದನ್ನು ಯಾವ ಮೇಷ್ಟರೂ ಬರೆಸುವುದಿಲ್ಲ. ಇದಕ್ಕೆ ಸಂಖ್ಯೆ ಇಲ್ಲವಲ್ಲ.

ಆದರೂ ಆ ವಾಕ್ಯದ ಕಸುಬುಗಾರಿಕೆಗೆ ನಾನು ತಲೆದೂಗುತ್ತೇನೆ. 'ತಾಲ್ಲೂಕಿಗೇ ದೊಡ್ಡದು' ಎಂದು ನೋಡಿ, ಪಕ್ಕದ ಊರಿನವನು ಟೇಪು ಹಿಡಿದು ಬೈಕ್ ಏರಿ ಬರುತ್ತಾನೆ. 'ಭಾರತದಲ್ಲೇ' ಎಂದರೆ ಸಂಸತ್ತಿನಲ್ಲಿ ಯಾರಾದರೂ ಚುಕ್ಕೆ ಗುರುತಿನ ಪ್ರಶ್ನೆ ಕೇಳಿಯಾರು. 'ಜಗತ್ತಿನಲ್ಲೇ' ಎಂದರೆ ಗಿನ್ನೆಸ್‌ನವರು ದಾಖಲೆ ಪತ್ರ ತನ್ನಿ ಎನ್ನುತ್ತಾರೆ. ಏಷ್ಯಾಕ್ಕೆ ಈ ಕಿರಿಕಿರಿ ಯಾವುದೂ ಇಲ್ಲ. ಟರ್ಕಿಯಿಂದ ಜಪಾನಿನವರೆಗೆ ಸುಮಾರು 4.4 ಕೋಟಿ ಚದರ ಕಿಲೋಮೀಟರ್ ಹರಡಿಕೊಂಡಿರುವ ಈ ಖಂಡಕ್ಕೆ ಒಂದು ತಹಶೀಲ್ದಾರ್ ಕಚೇರಿಯೂ ಇಲ್ಲ. ತಕರಾರು ಅರ್ಜಿಯನ್ನು ಯಾರ ಮೇಜಿನ ಮೇಲೆ ಇಡುವುದು?

ಇನ್ನು ಆ 'ಎರಡನೆಯದು'. ಮೊದಲನೆಯದು ಎಂದರೆ ಜಂಬ. ಮೂರನೆಯದು ಎಂದರೆ ಯಾರೂ ಮೊಬೈಲ್ ಕೂಡ ಹೊರಗೆ ತೆಗೆಯುವುದಿಲ್ಲ. ಎರಡನೆಯದು ಎಂದವನ ಮೇಲೆ ಮಾತ್ರ ತಾನಾಗಿ ನಂಬಿಕೆ ಹುಟ್ಟುತ್ತದೆ: ಸುಳ್ಳು ಹೇಳುವ ಮನುಷ್ಯನಾಗಿದ್ದರೆ ಮೊದಲನೆಯದೆಂದೇ ಹೇಳುತ್ತಿದ್ದ, ಪಾಪ, ಅಳೆದು ನೋಡಿಯೇ ಹೇಳುತ್ತಿದ್ದಾನೆ!

ವಿಜಯಪುರದ ಗೋಳಗುಮ್ಮಟದ ಗೈಡುಗಳು ಒಂದು ಮಟ್ಟಿಗೆ ಪ್ರಾಮಾಣಿಕರು. ಅವರು ಮೊದಲನೆಯದರ ಹೆಸರನ್ನೂ ಹೇಳುತ್ತಾರೆ. "ಜಗತ್ತಿನಲ್ಲೇ ಎರಡನೆಯ ದೊಡ್ಡ ಗುಮ್ಮಟ, ಮೊದಲನೆಯದು ರೋಮ್‌ನ ಸೇಂಟ್ ಪೀಟರ್ಸ್." ತೊಂದರೆ ಏನೆಂದರೆ, ಸೇಂಟ್ ಪೀಟರ್ಸ್ ಗುಮ್ಮಟದ ಒಳ ಅಗಲ ಸುಮಾರು 41.5 ಮೀಟರ್. ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ಪ್ಯಾಂಥಿಯನ್ ಇದೆ. ಸೇಂಟ್ ಪೀಟರ್ಸ್‌ಗಿಂತ ಹದಿನಾಲ್ಕು ಶತಮಾನಗಳಷ್ಟು ಹಿಂದಿನದು, ಒಳ ಅಗಲ 43.3 ಮೀಟರ್. ಮೊದಲನೆಯದೇ ಅದರ ಊರಿನಲ್ಲಿ ಎರಡನೆಯದಾದರೆ, ನಮ್ಮ ಎರಡನೆಯದು ಎಷ್ಟನೆಯದು? ಗೋಳಗುಮ್ಮಟದ ಸುಮಾರು 44 ಮೀಟರ್ ಎಂಬ ಅಳತೆಯಾದರೋ ಹೊರಗಿನಿಂದ ತೆಗೆದದ್ದು. ಒಬ್ಬನ ಸೊಂಟವನ್ನು ಕೋಟಿನ ಮೇಲಿನಿಂದ, ಇನ್ನೊಬ್ಬನದನ್ನು ಬನಿಯನ್ನಿನ ಮೇಲಿನಿಂದ ಅಳೆದು ಯಾರು ದಪ್ಪ ಎಂದು ಕೇಳಿದಂತೆ. ಅಷ್ಟು ಭಾರದ ಗುಮ್ಮಟದ ಕೆಳಗೆ ನಡುವೆ ಒಂದೇ ಒಂದು ಕಂಬವಿಲ್ಲ, ಒಂದರೊಳಗೊಂದು ಹಾದುಹೋದ ಕಮಾನುಗಳೇ ಅದನ್ನು ಹೊತ್ತು ನಿಂತಿವೆ ಎಂಬುದನ್ನು ಕತ್ತೆತ್ತಿ ನೋಡುವಷ್ಟರಲ್ಲಿ ಗೈಡು "ಎರಡನೆಯದು!" ಎಂದು ಕೂಗಿದ. ಗುಮ್ಮಟ ಅದನ್ನೇ ಏಳು ಸಲ ಹೇಳಿತು. ಅಷ್ಟು ಸಾಕ್ಷಿಗಳಾದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಅಕ್ಕನ ಮಗ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಸಾಮಾನ್ಯ ಜ್ಞಾನದ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಮೊನ್ನೆ ತಿರುವಿ ಹಾಕಿದಾಗ ಒಂದು ಪ್ರಶ್ನೆ ಕಂಡಿತು: ಏಷ್ಯಾದಲ್ಲಿ ವಿದ್ಯುತ್ ದೀಪ ಕಂಡ ಮೊದಲ ನಗರ ಯಾವುದು? ಉತ್ತರ: ಬೆಂಗಳೂರು. ನನ್ನ ರಕ್ತದೊತ್ತಡ ಏರಿತು. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು 1905ರ ಆಗಸ್ಟ್‌ನಲ್ಲಿ. ಕೋಲ್ಕತ್ತಕ್ಕೆ 1899ರಲ್ಲೇ ವಿದ್ಯುತ್ ಬಂದಿತ್ತು. ಡಾರ್ಜಿಲಿಂಗ್‌ನ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಘಟಕವಿತ್ತು. ಟೋಕಿಯೋದವರು 1880ರ ದಶಕದಲ್ಲೇ ಸ್ವಿಚ್ ಒತ್ತಿದ್ದರು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಹುಡುಗ ಶಾಂತವಾಗಿ ಕೇಳಿಸಿಕೊಂಡು ಹೇಳಿದ:

"ಮಾವ, ನೀವು ಹೇಳುತ್ತಿರುವುದು ಸರಿ ಉತ್ತರ. ನನಗೆ ಬೇಕಾಗಿರುವುದು ಕೀ ಉತ್ತರ."

ಕೀ ಉತ್ತರವೆಂದರೆ ಪರೀಕ್ಷೆ ಮುಗಿದ ಮೇಲೆ ಪ್ರಕಟವಾಗುವ ವೇದ. ಅದರಲ್ಲಿ ಬೆಂಗಳೂರು ಎಂದಿದ್ದರೆ ಟೋಕಿಯೋದಲ್ಲಿ ಕತ್ತಲೆಯೇ. ಸತ್ಯ ಬರೆದವನಿಗೆ ಅಂಕ ಹೋಗುತ್ತದೆ, ಜೊತೆಗೆ ಕಾಲು ಅಂಕ ದಂಡ. ಹೀಗೆ ಗೆದ್ದು ಬಂದವರೇ ನಾಳೆ ಪ್ರವಾಸಿ ತಾಣಗಳ ಫಲಕಕ್ಕೆ ಮಂಜೂರಾತಿ ಕೊಡುವ ಗುಮಾಸ್ತರಾಗುತ್ತಾರೆ. ಚಕ್ರ ಪೂರ್ತಿಯಾಯಿತು.

ನಿಜ ಕಥೆ ಇದಕ್ಕಿಂತ ದೊಡ್ಡದು ಎಂಬುದೇ ನನ್ನ ಹೊಟ್ಟೆ ಉರಿಸುವ ಸಂಗತಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ಕೊಟ್ಟರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಯ ಬೆನ್ನಿಗೆ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ತಂತಿಯಲ್ಲಿ ವಿದ್ಯುತ್ ಹರಿದದ್ದನ್ನು ನೋಡಲಿಲ್ಲ. ಬೆಂಗಳೂರಿನ ದೀಪಕ್ಕೂ ಮೂರು ವರ್ಷ ಮೊದಲು ಗಣಿಗೆ ಬೆಳಕು ಬಂದಿತ್ತು. ಚಿನ್ನದ ಮುಂದೆ ಮನುಷ್ಯರೇ ಎರಡನೆಯವರು. ಇಲ್ಲಿ ಬೇಕಾದರೆ ಆ ಪದ ಬಳಸಿಕೊಳ್ಳಿ, ನನ್ನ ತಕರಾರಿಲ್ಲ.

ಅದೇ ಕೆಜಿಎಫ್‌ನಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಇಟ್ಟುಕೊಂಡು ಕುಳಿತಿದ್ದ ವಿಜ್ಞಾನಿಗಳಿಗೆ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಜೊತೆ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರೂ ಇದ್ದರು. ನ್ಯೂಟ್ರಿನೊ ಎಂದರೆ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಪ್ರತಿ ಕ್ಷಣ ನಮ್ಮ ದೇಹದ ಮೂಲಕ ಹಾದುಹೋಗುತ್ತಿದ್ದರೂ ಒಂದು ನಮಸ್ಕಾರವನ್ನೂ ಹೇಳದ ಕಣ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಮನುಷ್ಯರು ಹಿಡಿದದ್ದು ಅದೇ ಮೊದಲು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಇನ್ನೊಂದು ತಂಡಕ್ಕೂ ಅವು ಸಿಕ್ಕವು, ಆದ್ದರಿಂದ ಮರ್ಯಾದೆಯನ್ನು ಹಂಚಿಕೊಳ್ಳಬೇಕು. ಆಫ್ರಿಕಾವನ್ನು ಬದಿಗಿಟ್ಟು ಏಷ್ಯಾದಲ್ಲೇ ಮೊದಲು ಎಂದರೆ ಹುಡುಕಿದರೂ ತಪ್ಪು ಸಿಗದು. ಇಡೀ ಖಂಡದಲ್ಲಿ ಆ ವಾಕ್ಯ ನ್ಯಾಯವಾಗಿ ಸಲ್ಲಬೇಕಾದ ಜಾಗ! ಆದರೆ ನ್ಯೂಟ್ರಿನೊ ಹಿನ್ನೆಲೆಯಾಗಿ ಸೆಲ್ಫಿ ಬರುವುದಿಲ್ಲ. ಗಣಿ 2001ರಲ್ಲಿ ಮುಚ್ಚಿತು.

ಲಾಲ್‌ಬಾಗಿನ ಬಂಡೆಗೂ ಇದೇ ಗತಿ. ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಮುಂದೆ ಹಿಮಾಲಯ ಇನ್ನೂ ತೊಟ್ಟಿಲಲ್ಲಿದೆ. ಜನ ಅದರ ಮೇಲೆ ಕುಳಿತು ಕಡಲೆಕಾಯಿ ತಿಂದು ಸಿಪ್ಪೆ ಬಿಟ್ಟು ಏಳುತ್ತಾರೆ. ಹುಬ್ಬಳ್ಳಿಯದು ಮಾತ್ರ ಅಪವಾದ. ಅಲ್ಲಿನ 1507 ಮೀಟರ್ ಪ್ಲಾಟ್‌ಫಾರ್ಮ್ ನಿಜಕ್ಕೂ ಜಗತ್ತಿನಲ್ಲೇ ಉದ್ದ. ಸೂಟ್‌ಕೇಸ್ ಎಳೆದುಕೊಂಡು ಈ ತುದಿಯಿಂದ ಆ ತುದಿಯ ಬೋಗಿಗೆ ಓಡಿದವರಿಗೆ ಯಾವ ಪ್ರಮಾಣಪತ್ರವೂ ಬೇಡ, ಮಂಡಿಯೇ ಸಾಕ್ಷಿ ನುಡಿಯುತ್ತದೆ.

ಇಷ್ಟೆಲ್ಲ ಹೇಳಿಕೊಂಡು ತಿರುಗುತ್ತಿದ್ದವನಿಗೆ ನಮ್ಮೂರಿನ ಕೆರೆ ಅಭಿವೃದ್ಧಿ ಸಮಿತಿಯಿಂದ ಕರೆ ಬಂತು. ಹೂಳೆತ್ತಿಸಿದ್ದಾರೆ, ಏರಿಯ ಮೇಲೆ ಸಿಮೆಂಟಿನ ಬೆಂಚು ಹಾಕಿಸಿದ್ದಾರೆ, ಶಾಸಕರು ಉದ್ಘಾಟನೆಗೆ ಬರುತ್ತಿದ್ದಾರೆ, ಫಲಕಕ್ಕೆ ನಾಲ್ಕು ಸಾಲು ಬೇಕು. "ನೀವು ಪೇಪರಿಗೆ ಬರೆಯುವವರು ಸಾರ್, ನೀವೇ ಬರೆದುಕೊಡಿ" ಎಂದರು ಅಧ್ಯಕ್ಷರು. ನನ್ನ ಕಾಲ ಬಂತು ಎಂದುಕೊಂಡೆ. ಎರಡು ದಿನ ಏರಿಯ ಮೇಲೆ ಓಡಾಡಿದೆ. ತೂಬಿನ ಕಲ್ಲಿನ ಮೇಲೆ ಸವೆದುಹೋದ ಅಕ್ಷರಗಳಿವೆ. ಕೋಡಿಯ ಪಕ್ಕದ ಬೇಲಿಯಲ್ಲಿ ಒಂದು ವೀರಗಲ್ಲು ಒರಗಿದೆ. ಚಳಿಗಾಲಕ್ಕೆ ಬರುವ ಬಾತುಗಳ ಜಾತಿ ಎಣಿಸಿದೆ. ಕೆರೆಯ ವಿಸ್ತೀರ್ಣ ಹದಿನಾಲ್ಕು ಎಕರೆ, ಅದರಲ್ಲಿ ಮೂರು ಎಕರೆಯ ಮೇಲೆ ಬಡಾವಣೆ ಎದ್ದಿದೆ ಎಂಬುದನ್ನೂ ಮುಚ್ಚಿಡದೆ ಬರೆದುಕೊಟ್ಟೆ. ಅಧ್ಯಕ್ಷರು ಓದಿ ಕಣ್ಣಿಗೊತ್ತಿಕೊಂಡರು.

ಉದ್ಘಾಟನೆಯ ದಿನ ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಹಳದಿ ಫಲಕದ ಮೇಲೆ ಶಾಸಕರ ಹೆಸರು, ಗುತ್ತಿಗೆದಾರರ ಹೆಸರು, ನಡುವೆ ಕೆಂಪಕ್ಷರದಲ್ಲಿ ಒಂದೇ ಸಾಲು: 'ಏಷ್ಯಾದಲ್ಲೇ ಮೂರನೆಯ ಅತಿ ದೊಡ್ಡ ಕೆರೆ'.

ಅಧ್ಯಕ್ಷರನ್ನು ಪಕ್ಕಕ್ಕೆ ಕರೆದೆ. ಏನು ಕೇಳಬೇಕೆಂದು ತೋಚದೆ, "ಮೂರನೆಯದು ಏಕೆ?" ಎಂದೆ.

"ಸುಳ್ಳು ಬರೆಯಬಾರದು ಸಾರ್" ಎಂದರು ಅವರು, ಶಾಲು ಸರಿಪಡಿಸಿಕೊಳ್ಳುತ್ತಾ. "ಎರಡನೆಯದು ಸೂಳೆಕೆರೆ ಇದೆಯಲ್ಲ."